ಪೂಜೆ ಮಾಡಿದ ಗಾಡಿಯನ್ನು ಮಾರಬಹುದೆ?

ಮಣ್ಣಿನಲ್ಲಿ ಗಣಪತಿಯನ್ನು ಕರೆದು ಕೂರಿಸುವ ನಾವು ಅವನನ್ನು ಕಳಿಸಿಕೊಡುವ ವಿಧಿಯನ್ನೂ ಇಟ್ಟುಕೊಂಡಿದ್ದೇವೆ. ಆಯುಧಪೂಜೆಯ ದಿನ ಕಾರಿಗೆ ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದು, ಚಕ್ರದಡಿ ನಿಂಬೆಹಣ್ಣಿಟ್ಟು ಹತ್ತಿಸುತ್ತೇವಲ್ಲ, ಅದಕ್ಕೆ ವಿಸರ್ಜನೆ ಯಾವುದು? ವರುಷ ವರುಷವೂ ಕೈಮುಗಿದ ಕಬ್ಬಿಣವನ್ನು ಒಂದು ದಿನ ಕೇಜಿ ಲೆಕ್ಕದಲ್ಲಿ ಗುಜರಿಗೆ ತೂಗಿಬಿಡುವುದು ಸರಿಯೆ? ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಗುಂಡ್ಲುಪೇಟೆಯ ನಮ್ಮ ಹಳೇ ಮನೆಯ ಷೆಡ್ಡಿನಲ್ಲಿ 1970ರ ಅಂಬಾಸಿಡರ್ ಮಾರ್ಕ್ 2 ನಿಂತಿದೆ. ಅಪ್ಪ ತೀರಿಕೊಂಡ ಮೇಲೆ ಅದು ನನ್ನ ಹೆಸರಿಗೆ ಬಂತು.

ಅಪ್ಪನದು ಅರಿಸಿನದ ವ್ಯಾಪಾರ. ಚಾಮರಾಜನಗರ ದಾಟಿ, ಪುಣಜನೂರು, ಹಾಸನೂರಿನ ಕಾಡು ಹಾದು, ದಿಂಬಂ ಘಾಟಿಯ 27 ತಿರುವು ಇಳಿದು ಈರೋಡಿನ ಮಂಡಿಗೆ ಹೋಗಿ ಧಾರಣೆ ವಿಚಾರಿಸಿಕೊಂಡು ಬರುತ್ತಿದ್ದರು. ಮಾದರಿ ಅರಿಸಿನದ ಚೀಲ ಡಿಕ್ಕಿಯಲ್ಲಿ. ವಾಪಸು ಬರುವಾಗ ಘಾಟಿಯಲ್ಲಿ ರೇಡಿಯೇಟರ್ ಕುದಿಯುತ್ತಿತ್ತು. ಅಪ್ಪ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಬಾನೆಟ್ ಎತ್ತಿಟ್ಟು, ಅದು ತಣಿಯುವವರೆಗೂ ಪಕ್ಕದಲ್ಲೇ ನಿಂತಿರುತ್ತಿದ್ದರು, ಜ್ವರ ಬಂದ ಮಗುವಿನ ಹತ್ತಿರ ನಿಂತ ಹಾಗೆ. ನಂಬರು ಶುರುವಾಗುವುದು ಎಂವೈ ಎಂದು. ಅದು ನೋಂದಣಿಯಾದಾಗ ನಮ್ಮದಿನ್ನೂ ಮೈಸೂರು ರಾಜ್ಯ, ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಆ ಗಾಡಿ ಕಟ್ಟುತ್ತಿದ್ದ ಉತ್ತರಪಾರಾದ ಕಾರ್ಖಾನೆ 2014ರಲ್ಲಿ ಕೆಲಸ ನಿಲ್ಲಿಸಿತು.

ಈಗ ಅದರ ಸ್ಥಿತಿ ಚೆನ್ನಾಗಿಲ್ಲ. ಕಾಲಿಡುವ ತಳದ ತಗಡು ತಿಂದುಹೋಗಿದೆ. ಬಾಗಿಲುಗಳ ಕೆಳಗಂಚು ಉದುರುತ್ತದೆ. ಎಂಜಿನ್ ಕೈಯಲ್ಲಿ ತಿರುಗುತ್ತದೆ, ಹತ್ತುವುದಿಲ್ಲ. ಅಪ್ಪನ ಕಾಲದಿಂದ ಗಾಡಿ ನೋಡಿಕೊಂಡಿದ್ದ ಮೇಸ್ತ್ರಿ ಬಂದು ಅಡಿಯಲ್ಲಿ ಮಲಗಿ ಟಾರ್ಚ್ ಬಿಟ್ಟು ನೋಡಿ, "ಎಲ್ರೂವೆ ಗುಜರಿಗೆ ಹಾಕ್ಬುಡಿ ಅಂತಾರೆ ಕನಕ್ಕಾ, ನಂಗೆ ಬಾಯಿ ಬತ್ತಿಲ್ಲ" ಎಂದರು.

ಚಾಮರಾಜನಗರದವರಿಗೆ ಇಂಥ ಪ್ರಶ್ನೆ ದೊಡ್ಡ ಅಳತೆಯಲ್ಲಿ ಒಮ್ಮೆ ಎದುರಾಗಿದೆ. ಚಾಮರಾಜೇಶ್ವರ ದೇವಸ್ಥಾನವನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1826ರಲ್ಲಿ ಕಟ್ಟಿಸಿದ್ದು, ತಮ್ಮ ತಂದೆ ಹುಟ್ಟಿದ ಊರು ಎಂದು. ಆಷಾಢದಲ್ಲಿ ಹೊಸದಾಗಿ ಮದುವೆಯಾದವರನ್ನು ಎಲ್ಲ ಕಡೆ ಬೇರೆ ಬೇರೆ ಇಡುತ್ತಾರೆ, ನಮ್ಮಲ್ಲಿ ಮಾತ್ರ ಅವರು ಜೊತೆಯಾಗಿ ಬಂದು ತೇರಿಗೆ ಹಣ್ಣು ದವನ ಎಸೆಯುತ್ತಾರೆ. 2017ರ ಫೆಬ್ರವರಿಯಲ್ಲಿ ಆ ತೇರಿಗೆ ಕಿಡಿಗೇಡಿಯೊಬ್ಬ ಬೆಂಕಿಯಿಟ್ಟ. ಆಮೇಲೆ ವರುಷಗಟ್ಟಲೆ ರಥೋತ್ಸವ ಇಲ್ಲ. 2022ರ ಆಷಾಢದಲ್ಲಿ ಹೊಸ ತೇರು ಹೊರಟಾಗ ಜನ ಅದನ್ನು ಹೊಸ ದೇವರ ಹೊಸ ತೇರು ಎಂದು ನೋಡಲಿಲ್ಲ. "ನಮ್ಮ ತೇರು ಬಂತು" ಎಂದು ಅತ್ತವರನ್ನು ನಾನು ನೋಡಿದ್ದೇನೆ. ಮರ ಬೇರೆ, ಕೆತ್ತಿದ ಕೈ ಬೇರೆ. ಆದರೂ ನಮ್ಮ ತೇರು.

ಹಳೆಯ ಬೌದ್ಧ ಗ್ರಂಥವೊಂದರಲ್ಲಿ ಭಿಕ್ಷು ನಾಗಸೇನ ಮಿಲಿಂದರಾಜನಿಗೆ ಕೇಳಿದ್ದು ಇದನ್ನೇ. ರಥ ಎಂದರೆ ಗಾಲಿಯೆ, ಅಚ್ಚೆ, ನೊಗವೆ? ಯಾವುದೂ ಅಲ್ಲ ಎಂದು ರಾಜ ಒಪ್ಪಿದ. ಹಾಗಾದರೆ ನೀನು ಕೂತು ಬಂದ ರಥ ಎಲ್ಲಿ? ಅವೆಲ್ಲ ಸೇರಿದಾಗ ನಾವು ಇಡುವ ಹೆಸರು ಅದು ಎಂದು ರಾಜನೇ ಕಡೆಗೆ ಹೇಳಬೇಕಾಯಿತು. ಇದನ್ನು ಓದಿದ ಕೆಲವರು, ಹೆಸರಷ್ಟೇ ತಾನೆ, ಹಾಗಿದ್ದರೆ ಯಾವುದಕ್ಕೂ ಬೆಲೆಯಿಲ್ಲ ಎಂಬಲ್ಲಿಗೆ ಬಂದುಬಿಡುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಹೆಸರಿನಲ್ಲಿ ಇರುವಂಥದ್ದಾದರೆ, ಅದನ್ನು ಹಾಗೆ ಕರೆದು ನೋಡಿಕೊಂಡವರ ಹೊಣೆ ಇನ್ನೂ ಹೆಚ್ಚು. ಒಣಮರವನ್ನು ತೇರು ಮಾಡಿದ್ದು ಊರಿನ ಹಗ್ಗ. ಉತ್ತರಪಾರಾದ ತಗಡನ್ನು ನಮ್ಮ ಗಾಡಿ ಮಾಡಿದ್ದು ದಿಂಬಂ ತಿರುವಿನಲ್ಲಿ ನಿಂತ ಅಪ್ಪ.

ಹಾಗಾದರೆ ಬಿಟ್ಟುಕೊಡುವುದು ಹೇಗೆ? ದೇವಸ್ಥಾನದವರಿಗೆ ಇದು ಗೊತ್ತು. ಜೀರ್ಣೋದ್ಧಾರಕ್ಕೆ ಮುಂಚೆ ಕಲಾಕರ್ಷಣೆ ಎಂಬ ಕ್ರಮವಿದೆ. ಮೂರ್ತಿಯಲ್ಲಿರುವ ಸಾನ್ನಿಧ್ಯವನ್ನು ಕಲಶಕ್ಕೆ ಬರಮಾಡಿಕೊಂಡು ಬಾಲಾಲಯದಲ್ಲಿಟ್ಟು ಪೂಜಿಸುತ್ತಾರೆ. ಆಮೇಲೆಯೇ ಉಳಿ ಸುತ್ತಿಗೆ ಒಳಗೆ ಬರುವುದು. ಪವಿತ್ರವಾದದ್ದು ಸ್ಥಳ ಬದಲಿಸಬಲ್ಲದು, ಅದಕ್ಕೆ ದಾರಿ ಮಾಡಿಕೊಡಬೇಕು ಎಂಬ ತಿಳಿವಳಿಕೆ ಅದರಲ್ಲಿದೆ. ಇಟ್ಟುಕೊಳ್ಳುವುದರ ಬಗ್ಗೆ ಜೈನರಲ್ಲೂ ಒಂದು ಮಾತಿದೆ. ಮಲೆಯೂರಿನ ಹತ್ತಿರದ ಕನಕಗಿರಿ ಜೈನಮುನಿ ಪೂಜ್ಯಪಾದರ ನೆನಪಿನ ಬೆಟ್ಟ. ಅವರು ವ್ಯಾಖ್ಯಾನ ಬರೆದ ತತ್ತ್ವಾರ್ಥಸೂತ್ರದ ಪ್ರಕಾರ ಪರಿಗ್ರಹವೆಂದರೆ ವಸ್ತು ಇಟ್ಟುಕೊಳ್ಳುವುದಷ್ಟೇ ಅಲ್ಲ, ಅದರ ಮೇಲೆ ಮನಸ್ಸು ಮಂಕಾಗಿ ಬೀಳುವುದು. ಷೆಡ್ಡಿಗೆ ಬೀಗ ಹಾಕಿ, ಅಪ್ಪನ ಗಾಡಿ ಮಾರಲ್ಲ ಎನ್ನುತ್ತ ಅದು ತುಕ್ಕು ಹಿಡಿಯಲು ಬಿಡುವುದು ಆ ಮಂಕೇ.

ಆದ್ದರಿಂದ ಮಾರುತ್ತೇನೆ. ಆದರೆ ಮಾರುವುದರಲ್ಲೂ ಒಂದು ವಿಸರ್ಜನೆಯ ವಿಧಿ ಇರಬೇಕು. ನನ್ನ ಮಟ್ಟಿಗೆ ಆ ವಿಧಿ ನಿಜ ಹೇಳುವುದು.

ಅಂಬಾಸಿಡರಿಗೆ ಲಾರಿಯಂತೆ ಬೇರೆ ಛಾಸಿ ಇಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನಿಂದ ಬಂದ ಕಟ್ಟಡ ಅದು, ಬಾಡಿಯೇ ಗಾಡಿಯ ಎಲುಬು. ಬಾಗಿಲಡಿಯ ಪೆಟ್ಟಿಗೆಯಂಥ ತಗಡಿಗೆ ತುಕ್ಕು ಹತ್ತಿದರೆ ಅಂದ ಕೆಟ್ಟಿತು ಎಂದಷ್ಟೇ ಅಲ್ಲ, ಒಳಗೆ ಕೂತವರ ಪ್ರಾಣಕ್ಕೇ ಅಪಾಯ. ಅಡಿಗೆ ಕರೀ ಅಂಡರ್‌ಕೋಟಿಂಗ್ ಹೊಡೆಸಿಬಿಡಿ, ಯಾರಿಗೂ ಕಾಣಲ್ಲ, ರೇಟೂ ಏರುತ್ತದೆ ಎಂದು ಒಬ್ಬ ದಲ್ಲಾಳಿ ಹೇಳಿದ. ಕಾನೂನು ಕೂಡ ಮಾರುವವನ ಮೌನಕ್ಕೆ ಜಾಗ ಬಿಟ್ಟಿದೆ. 1872ರ ಕರಾರು ಅಧಿನಿಯಮದ 17ನೇ ಕಲಮಿನಲ್ಲಿ ಒಂದು ಉದಾಹರಣೆ ಇದೆ: ಊನವಿರುವ ಕುದುರೆಯನ್ನು ಒಬ್ಬ ಹರಾಜಿನಲ್ಲಿ ಮಾರುತ್ತಾನೆ, ಊನದ ಮಾತೆತ್ತುವುದಿಲ್ಲ. ಅದು ಮೋಸವಲ್ಲ. ಅದರ ಕೆಳಗೇ ಇನ್ನೊಂದು: ಕೊಳ್ಳುವವಳು ಮಾರುವವನ ಮಗಳು, ಈಗಷ್ಟೇ ವಯಸ್ಕಳಾದವಳು. ಆಗ ಹೇಳುವುದು ಅವನ ಕರ್ತವ್ಯ.

ಈ ಎರಡು ಉದಾಹರಣೆಗಳ ನಡುವಿನ ಜಾಗದಲ್ಲೇ ಧರ್ಮ ಇರುವುದು ಎಂದು ನಾನು ನಂಬಿದ್ದೇನೆ. ಕಾನೂನು ಅಪರಿಚಿತನಿಗೆ ಒಂದು ಅಳತೆ, ಮಗಳಿಗೆ ಒಂದು ಅಳತೆ ಇಟ್ಟಿದೆ. ಕಾನೂನು ನಡೆಯಬೇಕಾದರೆ ಅದು ಬೇಕೇನೋ. ದೇವರ ಮುಂದೆ ನಿಲ್ಲುವವರಿಗೆ ಆ ರಿಯಾಯಿತಿ ಇಲ್ಲ. ಕೊಳ್ಳಲು ಬರುವ ಯಾರನ್ನೇ ಆಗಲಿ ಮಗಳೆಂದುಕೊಂಡು ಮಾತಾಡಬೇಕು.

ಕೊಳ್ಳಲು ಬಂದವನು ಸುಲ್ತಾನ್ ಬತ್ತೇರಿಯ ಹುಡುಗ, ಬಂಡೀಪುರದ ರಸ್ತೆಯಲ್ಲಿ ರಾತ್ರಿ ಒಂಬತ್ತಕ್ಕೆ ಗೇಟು ಹಾಕುವ ಮುಂಚೆ ವಾಪಸು ಹೋಗುವ ಅವಸರದಲ್ಲಿದ್ದ. ಐವತ್ತು ವರುಷ ದಾಟಿದ ಗಾಡಿಗಳಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿಯ ಆಸೆ ಅವನಿಗೆ. ಆ ನಿಯಮ ಬಾಡಿಯನ್ನೂ ಎಂಜಿನ್ನನ್ನೂ ಮೂಲರೂಪದಲ್ಲೇ ಉಳಿಸಿರಬೇಕು ಎನ್ನುತ್ತದೆ. ಮೇಸ್ತ್ರಿಯನ್ನು ಕೂರಿಸಿಕೊಂಡು ನಾನು ಬರೆದಿಟ್ಟಿದ್ದ ಹಾಳೆಯನ್ನು ಕೊಟ್ಟೆ: ಎಲ್ಲೆಲ್ಲಿ ತೂತು, ಎಲ್ಲಿ ಮೊದಲೇ ಪ್ಯಾಚ್ ಹಾಕಿದೆ, ಯಾವ ಭಾಗ ಅಂಬಾಸಿಡರಿನದೇ ಅಲ್ಲ. ತಗಡಿಗೆ ಸ್ಕ್ರೂಡ್ರೈವರ್ ಚುಚ್ಚಿ ತೋರಿಸಿ ಎಂದು ಮೇಸ್ತ್ರಿಗೆ ಹೇಳಿದೆ. ಅದು ಒಳಗೆ ಹೋಯಿತು. ಹುಡುಗ ಬೆಲೆ ಇಳಿಸಿದ. ಗುಜರಿಯವನು ಹೇಳಿದ್ದಕ್ಕಿಂತ ಅದೇನೂ ಬಹಳ ಹೆಚ್ಚಲ್ಲ. ಒಪ್ಪಿದೆ.

ಬೆಂಗಳೂರಿನಿಂದ ತಮ್ಮ ಫೋನು ಮಾಡಿ, "ಅಕ್ಕ, ಸ್ಟೀರಿಂಗ್ ಮಾತ್ರ ಬಿಚ್ಚಿ ಇಟ್ಕೊ, ಅಪ್ಪ ಹಿಡೀತಿದ್ದದ್ದು" ಎಂದ. ಅವನ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ನೆನಪಿಗೆಂದು ಗಾಡಿಯನ್ನು ಊನ ಮಾಡಿ ಕೊಟ್ಟರೆ, ಅದನ್ನು ಮತ್ತೆ ಗಾಡಿ ಮಾಡಲು ಹೊರಟವನಿಗೆ ನಾವೇ ಅಡ್ಡ ನಿಂತಂತೆ. ಅಪ್ಪ ನಮ್ಮೊಳಗೆ ಇದ್ದಾರೆ, ಇಲ್ಲವಾದರೆ ಸ್ಟೀರಿಂಗಿನಲ್ಲೂ ಇರುವುದಿಲ್ಲ ಎಂದೆ. ಅವನು ಒಪ್ಪಿದನೋ ಇಲ್ಲವೋ, ಮತ್ತೆ ಕೇಳಲಿಲ್ಲ.

ಹುಡುಗನ ಮನೆಯಲ್ಲಿ ಕರ್ಕಾಟಕ ಮಾಸದಲ್ಲಿ ಹೊಸದೇನೂ ತರುವುದಿಲ್ಲವಂತೆ, ನಮ್ಮ ಆಷಾಢದ ಹಾಗೆ. ಅದು ಕಳೆದು ಚಿಂಗಂ ಮಾಸ ಹುಟ್ಟುವ ದಿನ ಲಾರಿ ತರುತ್ತೇನೆ ಎಂದಿದ್ದಾನೆ. ಅಷ್ಟರೊಳಗೆ ಚಾಮರಾಜನಗರದ ಆರ್‌ಟಿಒದಿಂದ ಕೇರಳಕ್ಕೆ ಎನ್‌ಒಸಿ ತೆಗೆಸಬೇಕು. 28, 29, 30ನೇ ನಮೂನೆಗಳು ಸಿದ್ಧವಾಗಿವೆ, ಸೋಮವಾರ ಹೋಗುತ್ತೇನೆ.