ಸಿಂಗಳೀಕದ ಪರ ಯಾರು?

ತಲಕಳಲೆ, ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿ ಇಳಿಸಿ 2000 ಮೆಗಾವಾಟ್ ವಿದ್ಯುತ್ ಪಡೆಯುವ ಯೋಜನೆಯ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಆ ಕಣಿವೆ 2019ರಲ್ಲಿ ಸಿಂಗಳೀಕದ ಹೆಸರಿನಲ್ಲೇ ಅಭಯಾರಣ್ಯವಾಯಿತು. ನೆಲಕ್ಕಿಳಿಯುವುದೇ ಅಪರೂಪವಾದ ಪ್ರಾಣಿ ಅದು. ಕೊಂಬೆಯಿಂದ ಕೊಂಬೆಗೆ ಅದರ ದಾರಿ. ನಡುವೆ ಅಗಲವಾದ ರಸ್ತೆ ಬಿದ್ದರೆ ಅದರ ಊರು ಎರಡು ಹೋಳು.

2006ರ ಅಧಿಸೂಚನೆಯಂತೆ ಇಂಥ ಕೆಲಸಕ್ಕೆ ಮೊದಲು ಪರಿಸರ ಪರಿಣಾಮದ ಅಧ್ಯಯನವಾಗಬೇಕು, ಜನರ ಅಹವಾಲು ಕೇಳಬೇಕು. ನಿಯಮ ಒಳ್ಳೆಯದೇ. ಆದರೆ ಅಧ್ಯಯನದ ತಜ್ಞರನ್ನು ನೇಮಿಸುವವರು ಯೋಜನೆಯವರೇ. ವಾದಿಯೇ ಸಾಕ್ಷಿಗೆ ಸಂಬಳ ಕೊಟ್ಟಂತೆ! ಅಹವಾಲಿನ ಸಭೆಗೆ ಮನೆ ಕಳೆದುಕೊಳ್ಳುವವರು ಬಂದಾರು, ಸಿಂಗಳೀಕ ಬಾರದು.

ಕರೆಂಟು ಬೇಡವೆನ್ನಲು ಲಿಫ್ಟಿನಲ್ಲಿ ಮನೆಗೆ ಏರುವ ನನಗೆ ಬಾಯಿಲ್ಲ. ಆದರೂ ಮಾತು ಬಾರದವರ ನಷ್ಟವನ್ನು ಲಾಭ ಪಡೆಯುವವರ ತಕ್ಕಡಿಯಲ್ಲೇ ತೂಗುವುದು ನ್ಯಾಯವೆನಿಸದು. ಹಣ ಯೋಜನೆಯವರೇ ಕಟ್ಟಲಿ. ತಜ್ಞರನ್ನು ಆರಿಸುವ ಅಧಿಕಾರ ಬೇರೆಯವರಿಗಿರಲಿ.