ಭಾನುವಾರದ ಖಾರ

ಭಾನುವಾರ ಮಧ್ಯಾಹ್ನ ಊಟ ಮುಗಿದು ಮನೆಯವರೆಲ್ಲ ಒಂದೊಂದು ಮೂಲೆ ಹಿಡಿದ ಮೇಲೆ ನಾನು ಎರಡು ಕೆಜಿ ಈರುಳ್ಳಿ ಮುಂದಿಟ್ಟುಕೊಂಡು ಕೂರುತ್ತೇನೆ. ಜೊತೆಗೆ ಒಂದೂವರೆ ಕೆಜಿ ಟೊಮೆಟೊ, ಕಾಲು ಕೆಜಿ ಬೆಳ್ಳುಳ್ಳಿ, ದೊಡ್ಡದೊಂದು ತುಂಡು ಶುಂಠಿ. ಈರುಳ್ಳಿ ಐದು ನಿಮಿಷದಲ್ಲಿ ಕೆಂಪಗಾಗುತ್ತದೆ ಎಂದು ಅಡುಗೆ ಪುಸ್ತಕಗಳಲ್ಲಿ ಬರೆದಿರುತ್ತದೆ. ಬರೆದವರು ಹುರಿದವರಲ್ಲ ಎಂದುಕೊಳ್ಳುತ್ತೇನೆ. ಎರಡು ಕೆಜಿ ಈರುಳ್ಳಿ ನೀರು ಬಿಟ್ಟು, ಆ ನೀರು ಇಂಗಿ, ಅಂಚು ಕಂದಿ, ಕೊನೆಗೆ ಎಲ್ಲವೂ ಒಂದೇ ಬಣ್ಣಕ್ಕೆ ಬರಲು ಮುಕ್ಕಾಲು ಗಂಟೆಯಾದರೂ ಬೇಕು. ಅಷ್ಟು ಹೊತ್ತೂ ಬಾಣಲೆಯ ಮುಂದೆ ನಿಂತು ತಿರುವುತ್ತಲೇ ಇರಬೇಕು. ಆಮೇಲೆ ಶುಂಠಿ ಬೆಳ್ಳುಳ್ಳಿ, ಆಮೇಲೆ ಟೊಮೆಟೊ, ಅದು ಎಣ್ಣೆ ಬಿಟ್ಟುಕೊಳ್ಳುವವರೆಗೆ ಮತ್ತೆ ಸೌಟು. ಆರಿದ ಮೇಲೆ ರುಬ್ಬಿ, ಐಸ್ ಟ್ರೇಗಳಿಗೆ ತುಂಬಿ ಫ್ರೀಜರಿಗೆ. ಮಾರನೆಯ ದಿನ ಗಟ್ಟಿಯಾದ ಬಿಲ್ಲೆಗಳನ್ನು ಎಬ್ಬಿಸಿ ಚೀಲಕ್ಕೆ ಹಾಕಿಟ್ಟರೆ ವಾರ ಸಾಗುತ್ತದೆ. ನಾಲ್ಕು ಬಿಲ್ಲೆಗೆ ಒಂದು ಹೊತ್ತಿನ ಸಾರು.

ಕಾಯಿಯನ್ನು ಮಾತ್ರ ಇದಕ್ಕೆ ಸೇರಿಸುವುದಿಲ್ಲ. ಹಸಿ ಕಾಯಿ ರುಬ್ಬಿ ಹೆಪ್ಪುಗಟ್ಟಿಸಿದರೆ ಕರಗುವಾಗ ನೀರೇ ಬೇರೆ, ತರಿಯೇ ಬೇರೆ ಆಗಿಬಿಡುತ್ತದೆ. ಅದನ್ನು ಅವತ್ತಿಂದವತ್ತಿಗೆ ರುಬ್ಬಲೇಬೇಕು. ಹಾಗಿದ್ದೂ ಸಂಜೆ ಏಳಕ್ಕೆ ಕಚೇರಿಯಿಂದ ಬಂದವಳು ಏಳೂವರೆಗೆ ಊಟಕ್ಕೆ ಕರೆಯಬಲ್ಲೆ. ಈ ವಿದ್ಯೆಯ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಸಂಕ್ರಾಂತಿ ಕಳೆದು ಅವ್ವ ಹಾಸನದ ಕಡೆಯ ನಮ್ಮೂರಿನಿಂದ ಅರ್ಧ ಚೀಲ ಅವರೆಕಾಯಿ ಹೊತ್ತು ಬೆಂಗಳೂರಿಗೆ ಬಂದಳು. ಬಂದ ಸಂಜೆಯೇ ಫ್ರೀಜರು ತೆಗೆದು ನೋಡಿದಳು.

"ಇದೇನವ್ವ ಇದು, ಖಾರನ ಕಲ್ಲು ಮಾಡಿ ಇಟ್ಟಿದೀಯ? ತಂಗಳು ಖಾರ ಹಾಕಿ ಯಾರಾದ್ರೂ ಸಾರು ಮಾಡ್ತಾರ?"

ನಮ್ಮ ಕಡೆ ಮಸಾಲೆ ರುಬ್ಬುವುದಕ್ಕೆ ಖಾರ ರುಬ್ಬುವುದು ಎಂದೇ ಹೇಳುವುದು. ತಂಗಳು ಎಂಬ ಮಾತು ನನ್ನನ್ನು ಚುಚ್ಚಿತು. ಹುರುಳಿಕಾಳಿನ ಸಾರು ಮೂರನೇ ದಿನಕ್ಕೆ ಕುದಿಸಿದಾಗಲೇ ರುಚಿ ಎನ್ನುವವಳು ನೀನೇ ಅಲ್ಲವೇ ಎಂದು ಕೇಳಿದೆ. ಹೊಲಕ್ಕೆ ಹೋಗುವವರು ರಾತ್ರಿಯ ಮುದ್ದೆಯನ್ನು ಬೆಳಿಗ್ಗೆ ಮಜ್ಜಿಗೆಗೆ ಕಿವುಚಿ ಕುಡಿಯುತ್ತಿರಲಿಲ್ಲವೇ? ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಖಾರದಪುಡಿ ಕುಟ್ಟಿಸಿ, ಸಂಡಿಗೆ ಇಟ್ಟು, ಉಪ್ಪಿನಕಾಯಿ ಹಾಕಿ, ಹುಣಸೆಹಣ್ಣು ಉಂಡೆ ಕಟ್ಟಿಡುತ್ತಿದ್ದುದು ಮತ್ತೇನು? ಅವ್ವ ಎಲ್ಲವನ್ನೂ ಕೇಳಿ "ಅದು ಬೇರೆ, ಇದು ಬೇರೆ" ಎಂದಳು. ಯಾಕೆ ಬೇರೆ ಎಂದು ಹೇಳಲಿಲ್ಲ. ಎರಡು ದಿನ ಬಿಟ್ಟು ಟಿವಿಯ ಪ್ರವಚನ ಅವಳ ನೆರವಿಗೆ ಬಂತು. ಬೇಯಿಸಿ ಒಂದು ಯಾಮ, ಅಂದರೆ ಮೂರು ಗಂಟೆ, ಕಳೆದ ಆಹಾರ ತಾಮಸವಂತೆ.

ಗೀತೆಯ 17ನೇ ಅಧ್ಯಾಯದಲ್ಲಿ ಈ ಮಾತಿದೆ, ನಿಜ. ನಾನು ಹಟಕ್ಕೆ ಬಿದ್ದು ಶಾಂಕರಭಾಷ್ಯ ತೆಗೆದು ನೋಡಿದೆ. ಆಚಾರ್ಯರು ಅಲ್ಲಿನ 'ಯಾತಯಾಮ' ಎಂಬುದಕ್ಕೆ ಹೊತ್ತು ಮೀರಿದ್ದು ಎಂದು ಅರ್ಥ ಹೇಳುವುದಿಲ್ಲ, ಅರೆಬೆಂದದ್ದು ಎನ್ನುತ್ತಾರೆ. ಬೇಯಿಸಿ ರಾತ್ರಿ ಕಳೆದದ್ದಕ್ಕೆ ಅದೇ ಶ್ಲೋಕದಲ್ಲಿ 'ಪರ್ಯುಷಿತ' ಎಂಬ ಬೇರೆ ಮಾತಿದೆ. ಅಂಥದ್ದನ್ನೂ ಎಣ್ಣೆ ತುಪ್ಪ ಸೇರಿದ್ದಾದರೆ ತಿನ್ನಬಹುದು ಎಂದು ಮನುಸ್ಮೃತಿ ಬಿಡುತ್ತದೆ. ಎಣ್ಣೆಯಲ್ಲಿ ಮುಕ್ಕಾಲು ಗಂಟೆ ಹುರಿದ ನನ್ನ ಬಿಲ್ಲೆಗಳು ಪಾರಾದವು. ಹೆಂಗಸಾದ ನನಗೆ ಮನುವಿನಿಂದ ಸಿಕ್ಕ ಒಂದೇ ಒಂದು ರಿಯಾಯಿತಿ ಇದಿರಬೇಕು. ಇದನ್ನೆಲ್ಲ ಅವ್ವನಿಗೆ ಓದಿ ಹೇಳಿದಾಗ ಅವಳು ಅವರೆಕಾಳು ಹಿಚುಕುತ್ತ "ಓದಿದವರ ಹತ್ರ ಮಾತಾಡೋಕಾಗಲ್ಲಪ್ಪ" ಎಂದು ನಕ್ಕಳು. ವಾದ ಗೆದ್ದೆ ಎಂದುಕೊಂಡೆ.

ಆ ವಾರವೇ ಒಂದು ರಾತ್ರಿ ಊಟಕ್ಕೆ ಕೂತಿದ್ದಾಗ ಪಿಯುಸಿ ಓದುವ ಮಗ, ತನ್ನ ಗೆಳೆಯನ ಮನೆಯಲ್ಲಿ ಅಡುಗೆಗೆ ಆಳಿಟ್ಟಿರುವ ಸಂಗತಿ ಹೇಳಿದ. "ಇಪ್ಪತ್ತು ನಿಮಿಷದ ಕೆಲಸಕ್ಕೆ ಯಾಕೆ ಜನ? ನಮ್ಮಮ್ಮನ್ನ ನೋಡಿ ಕಲೀಬೇಕು ಅವರು." ಅದು ಹೊಗಳಿಕೆ. ನನ್ನ ಗಂಡ ಹೌದೆಂದು ತಲೆದೂಗಿದರು. ನಾನೂ ಹಿಗ್ಗಿದೆ, ಸುಳ್ಳು ಯಾಕೆ ಹೇಳಲಿ. ಅವ್ವ ಮಾತ್ರ ತಟ್ಟೆಯಿಂದ ತಲೆಯೆತ್ತಿ ಅವನನ್ನು ನೋಡಿದಳು. ಮಲಗುವ ಹೊತ್ತಿಗೆ, ದೀಪ ಆರಿಸಿದ ಮೇಲೆ ಹೇಳಿದಳು: "ಅವನಿಗೆ ಗೊತ್ತೇ ಇಲ್ಲ ಕಣೆ."

ಏನು ಗೊತ್ತಿಲ್ಲ ಎಂದು ನಾನು ಕೇಳಬೇಕಾಗಿರಲಿಲ್ಲ. ಭಾನುವಾರ ಎರಡರಿಂದ ಐದರವರೆಗೆ ಅವನು ಕೋಣೆಯ ಬಾಗಿಲು ಹಾಕಿಕೊಂಡು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡಿರುತ್ತಾನೆ. ಈರುಳ್ಳಿಯ ಘಾಟು ಅವನನ್ನು ಮುಟ್ಟುವುದಿಲ್ಲ. ನಾನೇ ಎಕ್ಸಾಸ್ಟ್ ಫ್ಯಾನ್ ಹಾಕಿ ಅದನ್ನು ಹೊರಗೆ ಅಟ್ಟಿರುತ್ತೇನೆ. ಅವನು ಕಂಡಿರುವುದು ವಾರದ ದಿನಗಳ ಇಪ್ಪತ್ತು ನಿಮಿಷಗಳನ್ನು ಮಾತ್ರ. ಅಡುಗೆಯೆಂದರೆ ಅಷ್ಟೇ ಎಂದು ಅವನಿಗೆ ಕಲಿಸಿದವಳು ನಾನು. ನಾಳೆ ಅವನ ಮನೆಗೆ ಬರುವವಳು ಒಂದೂವರೆ ಗಂಟೆ ಅಡುಗೆಮನೆಯಲ್ಲಿ ನಿಂತರೆ ಅವಳಿಗೆ ಚುರುಕಿಲ್ಲ ಎಂದು ಅವನಿಗೆ ಅನ್ನಿಸಬಹುದು. ಮಗನನ್ನು ಹಾಗೆ ಬೆಳೆಸಿದ್ದು ತಪ್ಪಲ್ಲವೇ ಎಂಬ ಪ್ರಶ್ನೆ ಅಂದು ರಾತ್ರಿ ಎದ್ದದ್ದು ಇನ್ನೂ ಕೂತಿಲ್ಲ.

ಅವ್ವನ ದುಡಿಮೆಗೆ ಸದ್ದಿತ್ತು. ಹಿತ್ತಿಲ ಬಾಗಿಲ ಪಕ್ಕದಲ್ಲಿ ಒರಳುಕಲ್ಲು. ಸಂಜೆ ದನ ಕಟ್ಟುವ ಹೊತ್ತಿಗೆ ಗುಂಡು ತಿರುಗುವ ಗರಗರ ಶುರುವಾದರೆ ಜಗಲಿಯಲ್ಲಿ ಕೂತ ಅಪ್ಪನಿಗೆ ಕೇಳುತ್ತಿತ್ತು, ಓದುತ್ತ ಕೂತ ನಮಗೆ ಕೇಳುತ್ತಿತ್ತು, ಪಕ್ಕದ ಮನೆಯವರಿಗೂ ಕೇಳುತ್ತಿತ್ತು. ಸದ್ದು ಒರಟಾಗಿದ್ದರೆ ಖಾರ ಇನ್ನೂ ತರಿತರಿ, ಮೆತ್ತಗಾದರೆ ನುಣ್ಣಗಾಯಿತು, ಇನ್ನು ಊಟಕ್ಕೆ ಹೆಚ್ಚು ಹೊತ್ತಿಲ್ಲ. ಹಸಿದು ಕೂತವರು ಆ ಕಲ್ಲು ಎಷ್ಟು ಸುತ್ತು ಸುತ್ತಿದೆ ಎಂದು ಬೇಡವೆಂದರೂ ಕೇಳಿಸಿಕೊಳ್ಳಲೇಬೇಕಿತ್ತು. ಹಾಗೆಂದು ಅಪ್ಪ ಎದ್ದು ಹೋಗಿ ಕೈಹಾಕಿದರೆಂದಲ್ಲ. ಸಾರು ತಣ್ಣಗಿದೆ ಎಂದು ತಟ್ಟೆ ಸರಿಸಿ ಎದ್ದದ್ದನ್ನೂ ನಾನು ನೋಡಿದ್ದೇನೆ. ಕಿವಿಗೆ ಬಿದ್ದದ್ದೆಲ್ಲ ಮನಸ್ಸಿಗೆ ಇಳಿಯುವುದಿಲ್ಲ. ಆದರೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಂತೂ ಇರಲಿಲ್ಲ.

ಆ ಕಲ್ಲನ್ನು ನಾನು ಬಹಳ ವರ್ಷ ದ್ವೇಷಿಸಿದ್ದೇನೆ. ಅವ್ವನ ಬಲಗೈ ಭುಜ ಇವತ್ತಿಗೂ ಪೂರ್ತಿ ಮೇಲೇಳುವುದಿಲ್ಲ. ಹಾಗೆ ಹೇಳಿದಾಗ ಅವಳು ಕೊಟ್ಟ ಉತ್ತರ ನಾನು ನಿರೀಕ್ಷಿಸಿದ್ದಲ್ಲ. "ಖಾರ ರುಬ್ಬೋವಾಗ ಯಾರೂ ಕರೀತಿರಲಿಲ್ಲ ಕಣೆ. ನಿಮ್ಮಜ್ಜಿನೂ ಕರೀತಿರಲಿಲ್ಲ. ಕೈಯೆಲ್ಲ ಖಾರ ಅಲ್ವಾ, ಮಗು ಅತ್ರೂ ಬೇರೆಯವರೇ ಎತ್ಕೋಬೇಕಿತ್ತು. ನಿಮ್ಮ ಚಿಕ್ಕಮ್ಮ ಕಲ್ಲಿಗೆ ತಳ್ಳೋಕೆ ಕೂತ್ಕೋತಿದ್ಲು. ನಮ್ಮ ಮಾತೆಲ್ಲ ಅಲ್ಲೇ ಆಗ್ತಿದ್ದಿದ್ದು. ಮಿಕ್ಸಿ ಬಂದ ಮೇಲೆ ಅವಳು ಒಳಗೆ ಬರೋದೇ ನಿಂತೋಯ್ತು."

ಹನ್ನೆರಡು ಜನರ ಮನೆಯಲ್ಲಿ ಅವಳ ಪಾಲಿಗಿದ್ದ ಒಂದು ಗಂಟೆಯನ್ನು ಅವಳು ಖಾರದ ಮರೆಯಲ್ಲಿ ಬಚ್ಚಿಟ್ಟುಕೊಂಡಿದ್ದಳು. ಇದನ್ನು ಕೇಳಿ ಒರಳುಕಲ್ಲಿನ ಮೇಲೆ ನನಗೆ ಪ್ರೀತಿ ಹುಟ್ಟಲಿಲ್ಲ. ಪುರುಸೊತ್ತು ಬೇಕಾದರೆ ಭುಜ ಸವೆಸಿಕೊಳ್ಳಬೇಕಾದ ಮನೆ ಒಳ್ಳೆಯ ಮನೆಯಲ್ಲ. ಆದರೆ ನನ್ನ ಮೂರು ಗಂಟೆಗಳಿಗೆ ಅಂಥ ಮರೆಯೂ ಇಲ್ಲ, ಜೊತೆಯೂ ಇಲ್ಲ. ಬಾಣಲೆ ತಿರುವುತ್ತಲೇ ಎಡಗೈಯಲ್ಲಿ ಸೋಮವಾರದ ಮೀಟಿಂಗಿನ ಸಂದೇಶಗಳಿಗೆ ಉತ್ತರ ಬರೆಯುತ್ತಿರುತ್ತೇನೆ.

ಉಳಿಸಿದ ಹೊತ್ತು ಎಲ್ಲಿಗೆ ಹೋಗುತ್ತದೆ? ರೂತ್ ಶ್ವಾರ್ಟ್ಸ್ ಕೋವನ್ ಎಂಬ ಅಮೆರಿಕದ ಇತಿಹಾಸಕಾರ್ತಿ 1983ರಲ್ಲಿ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದರು. ಅದರ ಹೆಸರು 'ಮೋರ್ ವರ್ಕ್ ಫಾರ್ ಮದರ್'. ಒಲೆ, ಯಂತ್ರ, ನಲ್ಲಿ ಬಂದಂತೆಲ್ಲ ಮನೆಯಲ್ಲಿ ಗಂಡಸರು ಮಕ್ಕಳು ಮಾಡುತ್ತಿದ್ದ ಕೆಲಸಗಳು ತಪ್ಪಿದವು, ಗೃಹಿಣಿಯ ಹೊತ್ತು ಮಾತ್ರ ಉಳಿಯಲಿಲ್ಲ ಎನ್ನುವುದು ಅವರ ವಾದ. ಚಿಕ್ಕಮ್ಮ ಒರಳಿನಿಂದ ಎದ್ದು ಹೋದದ್ದನ್ನು ಕೇಳಿದಾಗ ನನಗೆ ಈ ಪುಸ್ತಕ ನೆನಪಾಯಿತು. ನಮ್ಮ ದೇಶದ ಲೆಕ್ಕವೂ ಇದೆ. ಕೇಂದ್ರ ಸರ್ಕಾರದ 2024ರ ಟೈಮ್ ಯೂಸ್ ಸರ್ವೆಯಂತೆ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 88 ನಿಮಿಷ. 2019ರಲ್ಲಿ ಇವು 299 ಮತ್ತು 97 ಆಗಿದ್ದವು. ಐದು ವರ್ಷದಲ್ಲಿ ಹೆಂಗಸರಿಗೆ ಹತ್ತು ನಿಮಿಷ ಉಳಿಯಿತು, ಗಂಡಸರಿಗೆ ಒಂಬತ್ತು.

ನನ್ನ ಮನೆಯ ಲೆಕ್ಕವನ್ನೂ ಹಾಕಿದೆ. ಐದು ಸಂಜೆಗಳಲ್ಲಿ ದಿನಕ್ಕೆ ಮುಕ್ಕಾಲು ಗಂಟೆ ಉಳಿತಾಯ. ಅದರಲ್ಲಿ ಮಗನಿಗೆ ಬೇಗ ಊಟ, ಗಂಡನಿಗೆ ಬೇಗ ಊಟ, ನನಗೆ ಬಟ್ಟೆ ಮಡಚಲು ಬಿಡುವು. ಬದಲಿಗೆ ತೆತ್ತದ್ದು ಭಾನುವಾರದ ಮೂರು ಗಂಟೆ. ಉಳಿತಾಯ ಮೂವರದು, ಕಂತು ಕಟ್ಟುವವಳು ಒಬ್ಬಳು.

ಇಲ್ಲಿಗೆ ನಿಲ್ಲಿಸಿದರೆ ನಾನು ಬರೀ ನೊಂದವಳಾಗಿ ಕಾಣುತ್ತೇನೆ. ಅವ್ವ ಬರುವುದಕ್ಕೆ ಕೆಲವು ತಿಂಗಳ ಹಿಂದೆ ಈ ಭಾನುವಾರವೂ ಭಾರವೆನಿಸಿ ಒಂದು ಉಪಾಯ ಮಾಡಿದ್ದೆ. ಮನೆಗೆಲಸಕ್ಕೆ ಬರುವ ಹೆಂಗಸನ್ನು ಭಾನುವಾರ ಎರಡು ಗಂಟೆ ಹೆಚ್ಚಿಗೆ ಬಂದು ಸಿಪ್ಪೆ ಬಿಡಿಸಿ ಹೆಚ್ಚಿಕೊಡಲು ಕೇಳಿದೆ. ದುಡ್ಡನ್ನು ಧಾರಾಳವಾಗಿಯೇ ಹೇಳಿದೆ. ಅವಳು ಒಪ್ಪಿದಳು. ಎರಡು ವಾರ ನಾನು ಮಧ್ಯಾಹ್ನ ಮಲಗಿ, ಎಷ್ಟೋ ದಿನದಿಂದ ಅರ್ಧಕ್ಕೆ ನಿಂತಿದ್ದ ಕಾದಂಬರಿಯನ್ನು ಓದಿ ಮುಗಿಸಿದೆ. ಮೂರನೇ ವಾರ ಎದ್ದು ಅಡುಗೆಮನೆಗೆ ಹೋದರೆ ನೆಲದ ಮೇಲೆ ಅವಳ ಪಕ್ಕದಲ್ಲಿ ಹತ್ತು ವರ್ಷದ ಮಗಳು ಕೂತಿದ್ದಳು, ಮಡಿಲಲ್ಲಿ ಬೆಳ್ಳುಳ್ಳಿ. ಶಾಲೆಗೆ ರಜೆ, ಮನೆಯಲ್ಲಿ ಒಬ್ಬಳೇ ಬಿಡೋಕಾಗಲ್ಲ ಅಕ್ಕ, ಅವಳ ಕೈ ಚುರುಕು, ಬೇಗ ಮುಗಿಯುತ್ತೆ ಎಂದಳು. ಹುಡುಗಿ ನನ್ನನ್ನು ನೋಡಿ ಬೆರಳು ಮೂಸಿಕೊಂಡು ನಕ್ಕಳು.

ನಾನು ಏನೂ ಹೇಳಲಿಲ್ಲ. ಬಾಳೆಹಣ್ಣು ಕೊಟ್ಟೆ. ಅವತ್ತು ಬಿಡಿಸಿದ ಬೆಳ್ಳುಳ್ಳಿಯನ್ನೂ ಹುರಿದೆ, ರುಬ್ಬಿದೆ, ಆ ವಾರವಿಡೀ ಸಾರು ಮಾಡಿದೆ. ಆಮೇಲೆ ಭಾನುವಾರ ಬರುವುದು ಬೇಡ ಎಂದೆ. ಅವಳ ಮುಖ ಸಣ್ಣದಾಯಿತು, ಆ ದುಡ್ಡು ಅವಳ ಲೆಕ್ಕದಲ್ಲಿ ಆಗಲೇ ಸೇರಿತ್ತು. ವಾರದ ಕೆಲಸಕ್ಕೆ ಸಂಬಳ ಸ್ವಲ್ಪ ಏರಿಸಿದೆ, ಅದು ಪೂರ್ತಿ ಸರಿಹೋಗಲಿಲ್ಲ ಎಂದು ನನಗೂ ಗೊತ್ತು. ಇದನ್ನು ಅವ್ವನಿಗೆ ಹೇಳಿದಾಗ ಅವಳು ಬೈಯಲಿಲ್ಲ. "ನೀನು ಮಗನ್ನ ಕರೀಬೇಕಿತ್ತು, ಅವಳನ್ನ ಕರೆದೆ" ಎಂದಳು, ಅಷ್ಟೇ.

ಅವ್ವ ಊರಿಗೆ ಹೋಗುವ ಮೊದಲಿನ ಭಾನುವಾರ ಮಗನ ಕೋಣೆಯ ಬಾಗಿಲು ತಟ್ಟಿದೆ. ನಾಳೆ ಪರೀಕ್ಷೆ ಇದೆ ಎಂದ. ಇರಲಿಲ್ಲ. ಗಂಡ ತಾವೇ ಎದ್ದು ಬಂದರು, ಕಣ್ಣಲ್ಲಿ ನೀರು ಸುರಿಸುತ್ತ ಕಾಲು ಗಂಟೆಯಲ್ಲಿ ನಾಲ್ಕು ಈರುಳ್ಳಿ ಹೆಚ್ಚಿದರು, ಒಂದೊಂದು ಹೋಳು ಒಂದೊಂದು ಗಾತ್ರ. ಎಕ್ಸಾಸ್ಟ್ ಫ್ಯಾನ್ ಹಾಕಲು ಹೋದವರನ್ನು ಅವ್ವ ತಡೆದಳು. ಘಾಟು ಮನೆಯೆಲ್ಲ ತುಂಬಿ ಮಗ ಕೆಮ್ಮುತ್ತ ಹೊರಗೆ ಬಂದ. "ಇದೇನಜ್ಜಿ, ಎಷ್ಟು ಹೊತ್ತಿಂದ ಹುರೀತಿದ್ದೀರ?" ಎಂದ. ಅವ್ವ ಅವನ ಕೈಗೆ ಸೌಟು ಕೊಟ್ಟು ತಾನು ಬೆಳ್ಳುಳ್ಳಿಯ ಮುಂದೆ ಕೂತಳು.

ಈಗ ಅವ್ವ ಇಲ್ಲಿಲ್ಲ. ಎರಡು ಕೆಜಿ ಒಂದಕ್ಕೆ ಇಳಿದಿದೆ, ಅಪ್ಪ ಮಗ ಸೇರಿ ಅಷ್ಟನ್ನೇ ಮುಗಿಸಬಲ್ಲರು, ಅದೂ ಪ್ರತಿ ವಾರವಲ್ಲ. ಒಮ್ಮೊಮ್ಮೆ ತಳ ಹತ್ತಿ ಖಾರ ಕಹಿಯಾಗುತ್ತದೆ. ಆಗ ಸೌಟು ಕಿತ್ತುಕೊಂಡು ನಾನೇ ಮಾಡಿಬಿಡೋಣ ಎನ್ನಿಸುವುದನ್ನು ತಡೆದುಕೊಳ್ಳುವುದು ಕಷ್ಟ. ಬಿಲ್ಲೆಗಳು ಬುಧವಾರಕ್ಕೇ ಮುಗಿಯುತ್ತವೆ. ಹೋದ ಗುರುವಾರ ಮಗ ಫ್ರೀಜರು ತೆಗೆದು, ಖಾಲಿ ಚೀಲ ಹಿಡಿದು "ಇವತ್ತೇನು?" ಎಂದು ಕೇಳಿದ. ಮೊಸರನ್ನ ಎಂದೆ. ಗೊಣಗುತ್ತ ಅವ್ವ ಕಳಿಸಿದ ಉಪ್ಪಿನಕಾಯಿ ಭರಣಿ ಕೆಳಗಿಳಿಸಿ, ಮುಚ್ಚಳ ಬಿಚ್ಚಿ, ಒಂದು ಹೋಳು ಎತ್ತಿ ಬೆಳಕಿಗೆ ಹಿಡಿದು ನೋಡಿದ. "ಎಲ್ಲಾ ಒಂದೇ ಸೈಜಿದೆಯಲ್ಲಮ್ಮ" ಎಂದ.