ಕೂಸು ತಾಯಿಯ ಎದೆಗೆ, ಮನೆಗೆಲಸ ಯಾರ ಹೆಗಲಿಗೆ?

ಎರಡು ಕೆ.ಜಿ. ತೂಕವನ್ನೂ ಮುಟ್ಟದ ಕೂಸಿನ ಮೈಯಲ್ಲಿ ಸಾಕಷ್ಟು ಕೊಬ್ಬಿರುವುದಿಲ್ಲ. ತನ್ನ ಬಿಸಿಯನ್ನು ಅದು ತಾನೇ ಕಾಯ್ದುಕೊಳ್ಳಲಾರದು. ತುಸು ತಣ್ಣಗಾದರೂ ಉಸಿರಾಟ ಏರುಪೇರಾಗುತ್ತದೆ, ರಕ್ತದಲ್ಲಿ ಸಕ್ಕರೆ ಇಳಿಯುತ್ತದೆ, ಹಾಲು ಚೀಪುವ ಶಕ್ತಿ ಕುಂದುತ್ತದೆ. ಇಂಥ ಕೂಸನ್ನು ಉಳಿಸಿಕೊಳ್ಳಲು ಇರುವ ಅತ್ಯುತ್ತಮ ಉಪಾಯಗಳಲ್ಲಿ ಒಂದಕ್ಕೆ ಕರೆಂಟೂ ಬೇಡ, ಯಂತ್ರವೂ ಬೇಡ. ಟೊಪ್ಪಿಗೆ, ಕಾಲುಚೀಲ, ಲಂಗೋಟಿಯಷ್ಟೇ ತೊಡಿಸಿ, ಕೂಸನ್ನು ತಾಯಿಯ ಬರಿ ಎದೆಯ ಮೇಲೆ ನೆಟ್ಟಗೆ ಒರಗಿಸಿ ಬಟ್ಟೆಯಿಂದ ಕಟ್ಟಿಬಿಡುವುದು. ದಿನಕ್ಕೆ ಕನಿಷ್ಠ ಎಂಟು ಗಂಟೆ, ಸಾಧ್ಯವಾದರೆ ಹಗಲೂ ರಾತ್ರಿಯೂ. ಕುಡಿಯಲು ಎದೆಹಾಲು ಮಾತ್ರ. ಕಾಂಗರೂ ಆರೈಕೆ ಎಂದು ಇದರ ಹೆಸರು.

ಇದು ಹುಟ್ಟಿದ್ದು ಕೊರತೆಯಲ್ಲಿ. 1978ರಲ್ಲಿ ಕೊಲಂಬಿಯಾದ ಬೊಗೊಟಾ ನಗರದ ಬಡವರ ಹೆರಿಗೆ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದೆ ಒಂದರಲ್ಲೇ ಎರಡು ಮೂರು ಕೂಸುಗಳನ್ನು ಮಲಗಿಸುತ್ತಿದ್ದರು. ಒಂದರ ಸೋಂಕು ಇನ್ನೊಂದಕ್ಕೆ ಹತ್ತುತ್ತಿತ್ತು. ದೂರವೇ ಉಳಿದ ತಾಯಂದಿರಲ್ಲಿ ಕೆಲವರು ಮಗುವನ್ನು ಅಲ್ಲೇ ಬಿಟ್ಟು ಹೋಗಿಬಿಡುತ್ತಿದ್ದರು. ಆಗ ಡಾ. ಎಡ್ಗರ್ ರೇ, ಮರುವರ್ಷ ಅವರೊಡನೆ ಡಾ. ಹೆಕ್ಟರ್ ಮಾರ್ಟಿನೆಜ್, ತಾಯಿಯ ಮೈಯನ್ನೇ ಇನ್‌ಕ್ಯುಬೇಟರ್ ಮಾಡಿದರು. ಇನ್ನೇನೂ ಇಲ್ಲದವರ ಚಿಕಿತ್ಸೆ ಎಂದು ಬಹಳ ಕಾಲ ಇದನ್ನು ಕಡೆಗಣಿಸಿದವರಿಗೆ 2021ರಲ್ಲಿ ಉತ್ತರ ಸಿಕ್ಕಿತು. ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ, ಒಂದರಿಂದ 1.8 ಕೆ.ಜಿ.ವರೆಗಿನ ಸುಮಾರು 3,200 ಕೂಸುಗಳ ಮೇಲೆ ನಡೆದ ಅಧ್ಯಯನ ಅದು. ಕೂಸು ಚೇತರಿಸಿಕೊಳ್ಳಲಿ ಎಂದು ಕಾಯದೆ, ಹುಟ್ಟಿದ ಕೂಡಲೇ ಎದೆಗೆ ಕಟ್ಟಿದ ಗುಂಪಿನಲ್ಲಿ ಮೊದಲ 28 ದಿನಗಳ ಸಾವು ಶೇ 12ಕ್ಕೆ ನಿಂತಿತು. ಕಾದು ಕಟ್ಟಿದ ಗುಂಪಿನಲ್ಲಿ ಅದು ಶೇ 15.7. ಲಾಭ ಇಷ್ಟು ಸ್ಪಷ್ಟವಿದ್ದುದರಿಂದ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು.

ಆ ಅಧ್ಯಯನದ ಇನ್ನೊಂದು ಅಂಕಿ ನನ್ನನ್ನು ಹೆಚ್ಚು ಕಾಡುತ್ತದೆ. ತೀವ್ರ ನಿಗಾ ಘಟಕದಲ್ಲಿದ್ದಾಗ ಆ ಕೂಸುಗಳು ದಿನಕ್ಕೆ ಹೆಚ್ಚುಕಡಿಮೆ 17 ಗಂಟೆ ಎದೆಯ ಮೇಲಿದ್ದವು. ಹದಿನೇಳು ಗಂಟೆ! ಹಸಿ ಮೈಯ ಬಾಣಂತಿಯೊಬ್ಬಳೇ ನಿಭಾಯಿಸುವ ಲೆಕ್ಕವಲ್ಲ ಇದು. ಅಲ್ಲಿ ತಾಯಿಯ ಮಂಚ ಕೂಸಿನ ಪಕ್ಕದಲ್ಲೇ ಇತ್ತು. ಅವಳಿಗೆ ಆಗದಾಗ ಮನೆಯವರೇ ಇನ್ನೊಬ್ಬರು ಕೂಸನ್ನು ಎದೆಗೆ ಕಟ್ಟಿಕೊಳ್ಳುತ್ತಿದ್ದರು. ಕಾಂಗರೂ ಆರೈಕೆ ಪುಕ್ಕಟೆ ಎನ್ನುವವರು ಈ ಗಂಟೆಗಳನ್ನು ಯಾರ ಖಾತೆಗೂ ಬರೆಯುವುದಿಲ್ಲ.

2020ರ ಅಂದಾಜಿನಂತೆ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 30 ಲಕ್ಷ ಕೂಸುಗಳು ದಿನ ತುಂಬುವ ಮೊದಲೇ ಹುಟ್ಟುತ್ತವೆ. ಬೇರಾವ ದೇಶದಲ್ಲೂ ಇಷ್ಟಿಲ್ಲ. ಇವುಗಳಲ್ಲಿ ಎಷ್ಟೋ ಕೂಸುಗಳು ಆಸ್ಪತ್ರೆಯಿಂದ ಹೋಗುವುದು ನೀರು ಹೊರುವ, ರೊಟ್ಟಿ ಬಡಿಯುವ, ದನಕ್ಕೆ ಮೇವು ಹಾಕುವ, ಮೊದಲ ಮಗುವಿನ ಮುಖ ತೊಳೆಸುವ ಮನೆಗಳಿಗೆ. ಕೂಸು ಎದೆಯ ಮೇಲಿದ್ದಷ್ಟು ಹೊತ್ತು ಇವಿಷ್ಟೂ ಬೇರೆ ಯಾರದೋ ಕೈಗೆ ಹೋಗಬೇಕು. ಹೋಗದಿದ್ದರೆ ಕಟ್ಟು ಬಿಚ್ಚುತ್ತದೆ. ವೈದ್ಯರು ಹೇಳಿದ್ದು ಅವಳಿಗೆ ಅರ್ಥವಾಗಲಿಲ್ಲ ಎಂದಲ್ಲ. ಒಲೆಯ ಮೇಲೆ ಅನ್ನ ಕುದಿಯುತ್ತಿರುತ್ತದೆ, ಅಷ್ಟೇ.

ಕೊಪ್ಪಳ ಜಿಲ್ಲೆಯಲ್ಲಿ ಕೆಲವು ವರ್ಷಗಳ ಹಿಂದೆ ನಡೆದ ಪ್ರಯತ್ನ, ಮನೆಯಲ್ಲೂ ಈ ಕಟ್ಟು ಬಿಚ್ಚದಿರುವುದು ಹೇಗೆ ಎಂಬ ಪ್ರಶ್ನೆಯನ್ನೂ ಎತ್ತಿಕೊಂಡಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಂದಿಗೆ ಇಥಿಯೋಪಿಯಾ ಮತ್ತು ಭಾರತದ ಕೆಲವೆಡೆ ಕೈಗೊಂಡ ಅಧ್ಯಯನದ ಭಾಗವಾಗಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು ಅಲ್ಲಿ ಕೆಲಸ ಮಾಡಿದರು. ಕಾಂಗರೂ ಆರೈಕೆಯಿಂದ ಉಪಯೋಗವಿದೆಯೇ ಎಂದು ಅವರು ಕೇಳಲಿಲ್ಲ, ಅದು ಗೊತ್ತಿದ್ದ ಮಾತು. ಜಿಲ್ಲೆಯಲ್ಲಿ ಎರಡು ಕೆ.ಜಿ.ಗಿಂತ ಕಡಿಮೆ ತೂಕದ ಎಲ್ಲ ಕೂಸುಗಳಿಗೂ ಇದನ್ನು ಮುಟ್ಟಿಸುವುದು ಹೇಗೆ ಎಂಬುದು ಅವರ ಪ್ರಶ್ನೆ. ಸಣ್ಣ ಕೂಸನ್ನು ಗುರುತಿಸಿ ಆಸ್ಪತ್ರೆಗೆ ತರುವುದು, ಅಲ್ಲಿ ಎದೆಗೆ ಕಟ್ಟುವುದು, ಊರಿಗೆ ಮರಳಿದ ಮೇಲೂ ಕಟ್ಟು ಬಿಚ್ಚದಂತೆ ನೋಡಿಕೊಳ್ಳುವುದು – ಹೀಗೆ ಮೂರು ಹಂತ. ನಡುವಿನದು ಮಾತ್ರ ವೈದ್ಯರ ಕೈಯಲ್ಲಿದೆ. ಉಳಿದೆರಡಕ್ಕೂ ಮನೆಯವರು, ಆಶಾ ಕಾರ್ಯಕರ್ತೆ, ಅಕ್ಕಪಕ್ಕದವರು ಬೇಕು.

ಇದಕ್ಕೆ ಬೇಕಾದ ವ್ಯವಸ್ಥೆ ನಮ್ಮಲ್ಲಿ ಹಿಂದಿನಿಂದಲೂ ಇದೆ. ತವರಿನ ಬಾಣಂತನ ಎಂದರೆ ಅದೇ ಅಲ್ಲವೇ? ಹೆತ್ತವಳು ಕೆಲಸ ಮುಟ್ಟಬಾರದು. ತಾಯಿ, ಅಜ್ಜಿ, ಅತ್ತಿಗೆ ಎಲ್ಲ ನೋಡಿಕೊಳ್ಳಬೇಕು. ತಿಂಗಳುಗಟ್ಟಲೆ ಇನ್ನೊಬ್ಬರ ದುಡಿಮೆಯನ್ನು ಬಾಣಂತಿಗಾಗಿ ಎತ್ತಿಡುವ ಇಂಥ ಪದ್ಧತಿಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅದೇ ಬಾಣಂತನದಲ್ಲಿ ಕೂಸಿಗೆ ದಿನವೂ ಎಣ್ಣೆನೀರು, ಸಾಂಬ್ರಾಣಿ ಹೊಗೆ, ತೊಟ್ಟಿಲು. ಬರಿಮೈಯ ಕೂಸನ್ನು ಎದೆಗೆ ಕಟ್ಟಿಕೊಂಡು ಕೂತರೆ ಬಾಣಂತಿಗೆ ಬೆನ್ನುನೋವು, ಕೂಸಿಗೆ ಶೀತ ಎಂದು ಹಿರಿಯರಿಗೆ ಕಳವಳ. ಅವರನ್ನು ಮೂಢರೆಂದು ಬದಿಗೆ ಸರಿಸಿದರೆ ಕೆಲಸ ಕೆಟ್ಟಿತು. ಆಸ್ಪತ್ರೆಯಲ್ಲೇ ಅಜ್ಜಿಯ ಎದೆಗೆ ಕೂಸನ್ನು ಒಂದು ಗಂಟೆ ಕಟ್ಟಿ, ತಣ್ಣಗಿದ್ದ ಪುಟ್ಟ ಪಾದ ಬೆಚ್ಚಗಾಗುವುದನ್ನು ಅವಳ ಕೈಯಿಂದಲೇ ಮುಟ್ಟಿಸಬೇಕು. ಬಾಣಂತನದ ಯಜಮಾನಿಕೆ ಅವಳದು. ಅವಳು ಒಪ್ಪಿದ ಮೇಲೆ ಮನೆಯಲ್ಲಿ ಅಡ್ಡ ಬರುವವರು ಕಡಿಮೆ.

ಗಂಡಸರ ಎದೆಯೂ ಅಷ್ಟೇ ಬೆಚ್ಚಗಿರುತ್ತದೆ. ಸಿಸೇರಿಯನ್ ಆಗಿ ತಾಯಿ ಏಳಲಾರದಾಗ, ಅವಳಿ ಹುಟ್ಟಿದಾಗ, ಅಪ್ಪ ಕೂಸನ್ನು ಹೊರಬಹುದು. ಆದರೆ ಹಲವೆಡೆ ಹೆರಿಗೆ ವಾರ್ಡಿಗೆ ಅವನಿಗೆ ಪ್ರವೇಶವಿಲ್ಲ. ಇದ್ದರೂ ಹತ್ತಾರು ಹೆಂಗಸರ ನಡುವೆ ಅಂಗಿ ಬಿಚ್ಚಿ ಕೂರಲು ಅವನಿಗೂ ಮುಜುಗರ, ಅವರಿಗೂ ಮುಜುಗರ. ಒಂದು ಪರದೆ, ಒಂದು ಮರೆಯ ಮೂಲೆ ಇದ್ದರೆ ತೀರುವ ತೊಡಕಿದು. ನವಜಾತ ಶಿಶು ಘಟಕದ ಆರೈಕೆಯಲ್ಲಿ ಮನೆಯವರನ್ನು ಸೇರಿಸಿಕೊಳ್ಳಿ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಹಾಗಿದ್ದೂ, ಕೂಸು ಒಳಗೆ, ಬಾಣಂತಿ ವರಾಂಡದ ನೆಲದ ಮೇಲೆ ಎಂಬ ಪರಿಸ್ಥಿತಿ ಎಲ್ಲೇ ಇದ್ದರೂ ಅದು ಬಡತನವಲ್ಲ, ನಿರ್ಲಕ್ಷ್ಯ.

ಮನೆಗೆ ಹೋದ ಮೇಲೆ ಬಾಗಿಲು ತಟ್ಟುವವಳು ಆಶಾ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ 42ನೇ ದಿನದೊಳಗೆ ಆರು ಸಲ ಹೋಗುವುದು ಅವಳ ಕೆಲಸ. ತೂಕ ನೋಡುತ್ತಾಳೆ, ಹಾಲು ಕುಡಿಯುತ್ತಿದೆಯೇ ಎಂದು ಕೇಳುತ್ತಾಳೆ, ಅತ್ತೆಯ ಜೊತೆ ಮಾತಾಡುತ್ತಾಳೆ. ಮನೆಯವರಿಗೂ ಆಸ್ಪತ್ರೆಗೂ ನಡುವೆ ಇರುವ ನಂಬಿಕೆಯ ಬಹುಪಾಲನ್ನು ಹೊತ್ತಿರುವ ಈ ಕಾರ್ಯಕರ್ತೆಯರೇ 2025ರ ಜನವರಿಯ ಚಳಿಯಲ್ಲಿ, ಗೌರವಧನ ಹೆಚ್ಚಿಸಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲಿರುಳು ಕೂರಬೇಕಾಯಿತು.

2022ರ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಶಿಫಾರಸುಗಳು ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಶುರುಮಾಡಿ ಎಂಬಷ್ಟಕ್ಕೇ ನಿಲ್ಲಲಿಲ್ಲ. ಕುಟುಂಬಕ್ಕೆ ಬೆಂಬಲ, ಮನೆ ಭೇಟಿ, ತಂದೆತಾಯಿಗೆ ರಜೆ ಮತ್ತು ಸವಲತ್ತು ಎಂಬವನ್ನೂ ಅದೇ ಪಟ್ಟಿಯಲ್ಲಿ ಸೇರಿಸಿದವು. ನಮ್ಮ 26 ವಾರಗಳ ಹೆರಿಗೆ ರಜೆ ಸಂಘಟಿತ ವಲಯದ ಸಂಬಳದಾರ ಹೆಂಗಸರಿಗೆ. ಹೊಲದ ಕೂಲಿಗೆ ಹೋಗುವವಳಿಗೆ ಅದಿಲ್ಲ. ಅವಳ ಪಾಲಿನ ಮನೆಗೆಲಸವನ್ನು ಹೊರಲು ತನ್ನ ಕೂಲಿ ಬಿಟ್ಟು ಉಳಿಯುವ ಅತ್ತೆಗೆ, ಗಂಡನಿಗೆ ಏನೂ ಇಲ್ಲ. ಕೂಸನ್ನು ಬೆಚ್ಚಗಿಡುವ ವಾರ್ಮರ್ ಯಂತ್ರ ಕೊಳ್ಳಲು ಹಣ ಎತ್ತಿಡುವ ಆರೋಗ್ಯ ಬಜೆಟ್ ಈ ಕುಟುಂಬಗಳಿಗೆ ಮೊದಲ ಕೆಲವು ವಾರಗಳ ಕೂಲಿಯನ್ನೂ ಕೊಡಬೇಕು. ಅಲ್ಲಿಯವರೆಗೆ, ಕೂಸನ್ನು ಮನೆಗೆ ಕಳಿಸುವ ವೈದ್ಯರು ಡಿಸ್‌ಚಾರ್ಜ್ ಬರೆಯುವ ಮುನ್ನ ಗಂಡನನ್ನೂ ಅತ್ತೆಯನ್ನೂ ಒಳಗೆ ಕರೆದು, ನಾಳೆಯಿಂದ ನೀರು ತರುವವರು ಯಾರು, ಒಲೆ ಹಚ್ಚುವವರು ಯಾರು ಎಂದು ಕೇಳಿ, ಆ ಹೆಸರುಗಳನ್ನು ಔಷಧಿಯ ಚೀಟಿಯಲ್ಲೇ ಬರೆಯಲಿ.